ಸಿಲೋನಿನ ವೀಲುನಾಮೆ ಬರೆದ ಅಜ್ಜ

ಅವರ ತಲೆ ಪೂರಾ ಬಿಳಿ. ಬಲಗಿವಿಯ ಮೇಲೆ ಮಾತ್ರ ನಾಲ್ಕು ಬೆರಳಗಲ ನೀಲಿ. ಒಂದು ಸಾಲು ಬರೆದು ಮುಗಿದ ಕೂಡಲೇ ನಿಬ್ಬನ್ನು ಆ ಜಾಗದ ಕೂದಲಿಗೆ ಒರೆಸಿಕೊಳ್ಳುವುದು ಅವರ ಅಭ್ಯಾಸ. ಎಣ್ಣೆ ಹಚ್ಚಿದ ಕೂದಲಿಗೆ ಒರೆಸಿದರೆ ನಿಬ್ಬಿಗೆ ತುಕ್ಕು ಹಿಡಿಯುವುದಿಲ್ಲವಂತೆ. ಹಾಗೆ ಅವರು ಹೇಳುತ್ತಿದ್ದರು. ಅವರ ಹೆಂಡತಿ, ನಾವೆಲ್ಲ ಅಜ್ಜಿ ಎನ್ನುತ್ತಿದ್ದವರು, ಹೇಳುತ್ತಿದ್ದದ್ದೇ ಬೇರೆ: "ಇವರು ಬರೆದ ದಸ್ತಾವೇಜೆಲ್ಲ ಕಚೇರಿಯಲ್ಲಿ ಉಂಟು. ಅದರ ನಕಲು ನನ್ನ ದಿಂಬಿನ ಬಟ್ಟೆಯಲ್ಲಿ ಉಂಟು."

ಬಂಟ್ವಾಳ ಪೇಟೆಯಲ್ಲಿ ರಿಜಿಸ್ಟ್ರಾರ್ ಕಚೇರಿಯ ಎದುರಿನ ಜಗಲಿಯೇ ಅವರ ಕಚೇರಿ. ಒಂದು ಚಾಪೆ, ಮೊಣಕಾಲೆತ್ತರದ ಒಂದು ಇಳಿಜಾರು ಮೇಜು, ಒಂದು ಮಸಿಕುಪ್ಪಿ, ಮತ್ತು ಬಿಸಿಲಿರಲಿ ಮಳೆಯಿರಲಿ ಪಕ್ಕದಲ್ಲೇ ನಿಂತಿರುತ್ತಿದ್ದ ಒಂದು ಕೊಡೆ. ಊರಿಗೆಲ್ಲ ಅವರು ದಸ್ತಾವೇಜಿನ ಅಜ್ಜ. ಕ್ರಯಚೀಟು, ಪಾಲುಪಟ್ಟಿ, ಮೂಲಗೇಣಿ, ವೀಲುನಾಮೆ ಎಂಬ ಮರಣಶಾಸನ, ಏನೇ ಇರಲಿ ಅವರು ಬರೆದರೆ ಅದಕ್ಕೊಂದು ಗತ್ತು. ಬರೆದ ಮೇಲೆ ಓದಿ ಹೇಳುವುದು ಇನ್ನೂ ದೊಡ್ಡ ಗತ್ತು. ಸ್ವರ ಮೂಗಿನಿಂದ ಹೊರಟು, ಸಾಲಿನ ಕೊನೆಗೆ ಬಂದಾಗ "ಸೇರತಕ್ಕದ್ದೂ..." ಎಂದು ಉದ್ದಕ್ಕೆ ಎಳೆದು, ಆಮೇಲೆ ಒಂದು ಒಣ ಕೆಮ್ಮು. ಆ ಕೆಮ್ಮೇ ಪೂರ್ಣವಿರಾಮ.

ಆ ಸ್ವರ, ಆ ಎಳೆತ, ಆ ಕೆಮ್ಮು ನನಗೆ ಅನ್ನದ ಹಾಗೆ. ನಾನು ಆಗ ಬಸ್ ಸ್ಟ್ಯಾಂಡಿನ ಏಜೆಂಟ. ಇಪ್ಪತ್ತೆರಡರ ಪ್ರಾಯ. ಎಸ್ಸೆಸ್ಸೆಲ್ಸಿಗೆ ಮೂರು ಸಲ ಕೂತು ಮೂರು ಸಲವೂ ಎದ್ದು ಬಂದವನು. "ಬೆಳ್ತಂಗಡಿ, ಉಜಿರೆ, ಕಕ್ಕಿಂಜೇ!" ಎಂದು ಕೂಗುವುದು ಕೆಲಸ. ಎರಡು ಬಸ್ಸಿನ ನಡುವಿನ ಹೊತ್ತಿನಲ್ಲಿ ಕಾಯುತ್ತಿರುವವರಿಗೆ ಊರಿನವರ ಸ್ವರವನ್ನೆಲ್ಲ ತೆಗೆದು ತೋರಿಸುವುದು ಚಟ. ಡಾಕ್ಟರು, ಪೋಸ್ಟ್‌ಮ್ಯಾನು, ಹರಿಕಥೆಯ ದಾಸರು, ನನ್ನ ಬಸ್ಸಿನ ಧಣಿ, ಯಾರನ್ನೂ ಬಿಟ್ಟಿರಲಿಲ್ಲ. ಬಂಟ್ವಾಳದಲ್ಲಿ ನಾನು ಅಣಕಿಸದ ಜೀವವೆಂದರೆ ನೇತ್ರಾವತಿಯ ಮೀನು ಮಾತ್ರ. ಅದಕ್ಕೆ ಸ್ವರ ಇಲ್ಲದ್ದು ಅದರ ಪುಣ್ಯ. ನನ್ನ ಮುಖವೂ ಇದಕ್ಕೆ ಅನುಕೂಲ. ಉದ್ದ ಮೂಗು, ಅಗಲ ಬಾಯಿ, ಒಂದು ಕಿವಿ ಸ್ವಲ್ಪ ಹೊರಗೆ. ದೇವರು ಬೇರೆ ಬೇರೆಯವರಿಗೆ ಕೊಡಲು ಇಟ್ಟಿದ್ದನ್ನು ತಪ್ಪಿ ಒಬ್ಬನಿಗೇ ಕೊಟ್ಟ ಹಾಗೆ.

ಅಜ್ಜನಿಗೆ ನನ್ನ ಈ ವಿದ್ಯೆ ಗೊತ್ತಿತ್ತು. ಒಮ್ಮೆ ಜಗಲಿಯಿಂದಲೇ ಕರೆದು ಹೇಳಿದ್ದರು: "ಎಲ್ಲರ ಸ್ವರವೂ ಉಂಟು ನಿನ್ನ ಹತ್ತಿರ. ನಿನ್ನದೊಂದು ಬಿಟ್ಟು."

ನಾನು ಅದನ್ನೂ ಅವರದೇ ಸ್ವರದಲ್ಲಿ ತಿರುಗಿ ಹೇಳಿದ್ದೆ. ಜಗಲಿಯಲ್ಲಿ ಕುಳಿತವರು ನಕ್ಕರು. ಅವರೂ ನಕ್ಕರು, ಮೂಗಿನಲ್ಲಿ.

ಅವರ ಹತ್ತಿರ ಬರೆಸಲು ಬಂದವರಿಗೆ ಒಂದು ಪರೀಕ್ಷೆ ಇರುತ್ತಿತ್ತು. ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದ ಮೇಲೆ, "ಈಗ ಇದರಲ್ಲಿ ಎಂತ ಉಂಟು, ನೀನು ತುಳುವಿನಲ್ಲಿ ನನಗೆ ಹೇಳು" ಎನ್ನುತ್ತಿದ್ದರು. ವಿಟ್ಲದ ಕಡೆಯಿಂದ ಬಂದ ಒಬ್ಬ ಮುದುಕಿ, "ಜಾಗ ಕೊಟ್ಟದ್ದು, ಬಾವಿ ನನಗೆ" ಎಂದಳಂತೆ. ಕಾಗದದಲ್ಲಿ ಬಾವಿಯೂ ಹೋಗಿತ್ತು. ಅಜ್ಜ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೊಂಡುಕೊಳ್ಳುವವನ ಕೈಗೆ ಕೊಟ್ಟು, "ಇದನ್ನು ನಿನ್ನ ಬಾವಿಗೆ ಹಾಕು. ನಾನು ಬೇರೆ ಬರೆಯುತ್ತೇನೆ" ಎಂದರಂತೆ. "ಕಾಗದಕ್ಕೆ ಕಿವಿ ಇಲ್ಲ, ಬಾಯಿ ಮಾತ್ರ. ನಾವು ಸತ್ತ ಮೇಲೆ ಅದು ಮಾತಾಡಲು ಸುರು ಮಾಡುವುದು. ಆಗ ನಾವು ಬಂದು ಹಾಗಲ್ಲ ಮಾರಾಯ ಎಂದು ಹೇಳಲಿಕ್ಕೆ ಆಗ್ತದಾ?" ಇದು ಅವರು ದಿನಕ್ಕೆ ಮೂರು ಸಲ ಹೇಳುತ್ತಿದ್ದ ಮಾತು. ನಾಲ್ಕನೆಯ ಸಲ ನಾನು ಹೇಳುತ್ತಿದ್ದೆ, ಬಸ್ ಸ್ಟ್ಯಾಂಡಿನಲ್ಲಿ.

ಇನ್ನೊಂದು ಮಾತು ಅವರ ಹೆಮ್ಮೆಯದು: "ನನ್ನ ಕಾಗದಕ್ಕೆ ತಿದ್ದುಪಡಿ ಇಲ್ಲ."

ಈ ಹೆಮ್ಮೆಯ ಕಾಲಿಗೆ ಮುಳ್ಳು ಚುಚ್ಚಿದ್ದು ನಮ್ಮ ಮನೆಯ ಕಾಗದ.

ನನ್ನ ಅಮ್ಮನಿಗೆ ಇಬ್ಬರು ಅಣ್ಣಂದಿರು. ಹಿರಿಯ ಮಾವ ಬೆಳ್ತಂಗಡಿಯ ಪಕ್ಕ ಲಾಯಿಲದಲ್ಲಿರುವ ನಮ್ಮ ಕುಟುಂಬದ ಮನೆಯ ಯಜಮಾನರು. ಕಿರಿಯ ಮಾವ ಮೀಸೆ ಬರುವ ಮೊದಲೇ ಸಿಲೋನಿಗೆ ಹೋಗಿ, ಕೊಲಂಬೊದಲ್ಲಿ ಲೋಟ ತೊಳೆದು, ಆಮೇಲೆ ದೋಸೆ ಹುಯ್ದು, ಕೊನೆಗೆ ತನ್ನದೇ ಹೋಟೆಲು ಇಟ್ಟು ಅದರ ಕಟ್ಟಡವನ್ನೂ ಕೊಂಡವರು. ಮದುವೆಯಾಗಲಿಲ್ಲ. ಮೂರು ವರ್ಷಕ್ಕೊಮ್ಮೆ ಊರಿಗೆ ಬರುವಾಗ ಮಾತಿಗೆ ಮುಂಚೆ "ಹರಿ, ಹರಿ" ಎನ್ನುವರು. ಸಿಂಹಳದಲ್ಲಿ ಅದು "ಆಗಲಿ, ಸರಿ" ಎಂದಂತೆ. ನಮ್ಮ ಊರಿನ ಮುದುಕಿಯರು ಮಾತ್ರ ಹುಡುಗ ಪರದೇಶದಲ್ಲೂ ದೇವರನ್ನು ಬಿಡಲಿಲ್ಲ ಎಂದು ಕೊಂಡಾಡುತ್ತಿದ್ದರು.

ಅಮ್ಮ ವಿಧವೆ. ನಮ್ಮದು ಅಳಿಯಕಟ್ಟಿನ ಮನೆ, ಅಂದರೆ ಸೊತ್ತು ಹೆಣ್ಣಿನ ಕಡೆಯಿಂದ ಇಳಿಯುವ ಮನೆ. ಲೆಕ್ಕದಲ್ಲಿ ಅಮ್ಮನೇ ಮನೆಯ ಬೇರು. ನಿಜದಲ್ಲಿ ಬೇರು ಒಲೆಯ ಬುಡದಲ್ಲಿತ್ತು, ಬೀಗದ ಕೈ ಹಿರಿಯ ಮಾವನ ಸೊಂಟದಲ್ಲಿತ್ತು. ಹಿರಿಯ ಮಾವನಿಗೆ ತನ್ನ ಹೆಂಡತಿ ಮಕ್ಕಳ ಚಿಂತೆ. ಕಟ್ಟಿನ ಪ್ರಕಾರ ಆ ಮಕ್ಕಳಿಗೆ ನಮ್ಮ ಮನೆಯಲ್ಲಿ ಪಾಲಿಲ್ಲ. ಹಾಗಾಗಿ ಕೈಗೆ ಸಿಕ್ಕಿದ್ದನ್ನೆಲ್ಲ ಆ ಕಡೆಗೆ ಸರಿಸುತ್ತಿದ್ದರು. ಕೆಟ್ಟವರಲ್ಲ. ಅಪ್ಪನಾದವರು ಮಾಡುವುದನ್ನೇ ಮಾಡುತ್ತಿದ್ದರು. ಆದರೆ ಅದರಿಂದ ಅಮ್ಮ ಹೊಸ ಸೀರೆ ಬೇಕೆಂದರೂ ಬಾಗಿಲ ಮರೆಯಲ್ಲಿ ನಿಂತು ಕೇಳಬೇಕಿತ್ತು.

ಆ ವರ್ಷ ಸಿಲೋನ್ ಮಾವ ಬಂದಾಗ ಅವರ ಎರಡೂ ಕಾಲು ಮೊಣಕಾಲಿನವರೆಗೆ ಬಾತಿತ್ತು. ಬಂದ ಮರುದಿನವೇ ನನ್ನನ್ನು ಕರೆದು ಹೇಳಿದರು: "ಹರಿ. ಕೊಲಂಬೊದ ಕಟ್ಟಡ ನಿನ್ನ ಅಮ್ಮನ ಹೆಸರಿಗೆ ಬರೆಯಬೇಕು. ಅವಳಿಗೆ ತನ್ನದು ಅಂತ ಒಂದು ಬಾಗಿಲು ಬೇಕು."

"ಅಲ್ಲಿಯೇ ಬರೆಸಬಹುದಿತ್ತಲ್ಲ ಮಾವ? ಅಲ್ಲಿ ವಕೀಲರಿಲ್ವಾ?"

"ಅಲ್ಲಿ ಬರೆಸಿದರೆ ಅಣ್ಣ ಎಂತ ಹೇಳ್ತಾನೆ ಗೊತ್ತುಂಟಾ? ಸಿಂಹಳದವರು ಸೇರಿ ನನ್ನ ತಮ್ಮನಿಗೆ ಏನೋ ಕುಡಿಸಿ ಬರೆಸಿದರು ಅಂತ. ಇಲ್ಲಿಯೇ, ಅವನ ಕಣ್ಣೆದುರೇ ಆಗಬೇಕು."

ಹೀಗೆ ನಾವೆಲ್ಲ ಅಜ್ಜನ ಜಗಲಿ ಹತ್ತಿದೆವು. ಮಾವ ಕೊಲಂಬೊದ ಪ್ರೊಕ್ಟರರ ಕಾಗದ ತಂದಿದ್ದರು. ಪ್ರೊಕ್ಟರ್ ಎಂದರೆ ಅಲ್ಲಿಯ ವಕೀಲ. ಇಂಗ್ಲಿಷಿನ ಎರಡು ಪುಟ. ಅಜ್ಜ ಸಾಲಿನ ಕೆಳಗೆ ಬೆರಳಿಟ್ಟು, ತುಟಿಯಲ್ಲಾಡಿಸುತ್ತ ಓದಿದರು. ಮೊದಲ ಪುಟ ಮುಗಿಸಿ ತಲೆಯೆತ್ತಿದರು.

"ಕಟ್ಟಡ ಯಾವ ದೇಶದ ಮಣ್ಣಿನಲ್ಲಿ ಉಂಟೋ ಆ ದೇಶದ ಕಾನೂನಿನಂತೆ ವೀಲುನಾಮೆ ಇರಬೇಕಂತೆ. ಭಾಷೆ ಯಾವುದೂ ಆದೀತು, ಅವರು ತರ್ಜುಮೆ ಮಾಡಿಸಿಕೊಳ್ತಾರೆ. ಆದರೆ ಸಾಕ್ಷಿ ಐದು ಜನ! ಐದೂ ಜನ ಒಟ್ಟಿಗೆ ನಿಂತು, ಇವನು ರುಜು ಹಾಕುವುದನ್ನು ನೋಡಬೇಕು. ನಮ್ಮಲ್ಲಿ ಎರಡು ಸಾಕು. ಮದುವೆಯ ನಿಶ್ಚಯಕ್ಕೂ ನಾವು ಐದು ಜನ ಹೋಗುವುದಿಲ್ಲ ಮಾರಾಯ!"

ಎರಡನೆಯ ಪುಟವನ್ನೂ ಓದಿದರು. ಕೊನೆಗೆ ಬಂದಾಗ "ಹ್ಞೂಂ" ಎಂದರು, ಮಡಚಿದರು, ಮೇಜಿನ ಒಳಗಿಟ್ಟರು. ಆ "ಹ್ಞೂಂ" ಒಂದನ್ನು ಆ ದಿನ ಯಾರೂ ವಿಚಾರಿಸಲಿಲ್ಲ.

ಐದು ಜನ ಯಾರು ಎಂಬುದಕ್ಕೆ ಅಜ್ಜನ ಹತ್ತಿರ ನಲವತ್ತು ವರ್ಷದ ಉತ್ತರ ತಯಾರಿತ್ತು. "ತಕರಾರು ಮಾಡುವವನ ರುಜುವೇ ತಕರಾರಿಗೆ ಬೀಗ. ಮನೆಯವರೇ ಹಾಕಲಿ. ಸೊತ್ತು ಸಿಗದವನೂ ಹಾಕಲಿ, ಸಿಕ್ಕಿದವಳೂ ಹಾಕಲಿ. ನಾಳೆ ನನಗೆ ಗೊತ್ತೇ ಇರಲಿಲ್ಲ ಅಂತ ಯಾರೂ ಹೇಳಬಾರದು." ನಮ್ಮ ಕಡೆ ಹೀಗೆಯೇ. ಸಾಕ್ಷಿ ಹಾಕಿದವನೆಂದರೆ ಒಪ್ಪಿದವನು. ಹಿರಿಯ ಮಾವನಿಗೆ ಎರಡು ಲೋಟ ಕಾಫಿ ತರಿಸಿ, ಒಂದು ಗಂಟೆ ಬುದ್ಧಿ ಹೇಳಿ, ಮೊದಲ ರುಜು ಅವರದೇ ಹಾಕಿಸಿದರು. ಎರಡನೆಯದು ಅಮ್ಮನದು. ಮೂರನೆಯದು ನನ್ನದು. ಮತ್ತೆರಡು ಪಕ್ಕದ ಟೈಲರನದೂ ಅವನ ಭಾವನದೂ.

ಅಮ್ಮನಿಗೆ ಬರೆಯಲು ಬರುತ್ತಿರಲಿಲ್ಲ. "ಹೆಬ್ಬೆಟ್ಟು ಒತ್ತುತ್ತೇನೆ ಅಣ್ಣೇರೇ" ಎಂದು ಅಜ್ಜನಿಗೆ ಹೇಳಿದಳು. ಅಜ್ಜ ಒಪ್ಪಲಿಲ್ಲ. "ಇಷ್ಟು ದೊಡ್ಡ ಕಾಗದಕ್ಕೆ ಹೆಬ್ಬೆಟ್ಟಾ ತಂಗೀ? ಎರಡು ದಿನ ತಡವಾಗಲಿ" ಎಂದು ಒಂದು ಹಾಳೆಯ ಮೇಲೆ ಅವಳ ಹೆಸರನ್ನು ದೊಡ್ಡದಾಗಿ ಬರೆದುಕೊಟ್ಟರು. ಅಮ್ಮ ಎರಡು ದಿನ ಒಲೆಯ ಮುಂದೆ ಇದ್ದಿಲಿನಲ್ಲಿ ತನ್ನ ಹೆಸರನ್ನು ಬರೆದಳು. ನೆಲ, ಗೋಡೆ, ಅಕ್ಕಿ ಕೇರುವ ತಡಪೆ, ಎಲ್ಲದರ ಮೇಲೂ. ಮೂರನೆಯ ದಿನ ಜಗಲಿಯಲ್ಲಿ ಉಸಿರು ಹಿಡಿದು ರುಜು ಹಾಕಿದಳು. ಕೊನೆಯ ಅಕ್ಷರ ಸ್ವಲ್ಪ ಕೆಳಗೆ ಜಾರಿತು, ಬಸ್ಸಿನಿಂದ ಇಳಿಯುವ ಮುದುಕಿಯ ಹಾಗೆ. ನಾನು ಹಾಗೆಂದದ್ದಕ್ಕೆ ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ. ಕಾಗದವನ್ನೇ ನೋಡುತ್ತಿದ್ದಳು.

ಮಾವ ವೀಲುನಾಮೆಯನ್ನು ಟ್ರಂಕಿನಲ್ಲಿಟ್ಟುಕೊಂಡು ಕಾಲಿನ ಔಷಧಕ್ಕೆಂದು ಮೂಡಬಿದ್ರೆಯ ಪಂಡಿತರಲ್ಲಿಗೆ ಹೋದರು. ಪಥ್ಯದ ಗಂಜಿ ಬೇಯಿಸಲು ಅಮ್ಮನೂ ಜತೆಗೆ ಹೋದಳು. ಎಂಟು ದಿನದ ನಂತರ ಅಲ್ಲಿಂದಲೇ ಮಂಗಳೂರಿಗೆ ಹೋಗಿ, ರೈಲು ಹಿಡಿದು, ಧನುಷ್ಕೋಡಿಯಲ್ಲಿ ಹಡಗು ಹತ್ತುವುದೆಂದು ತೀರ್ಮಾನ. ಆಗ ಧನುಷ್ಕೋಡಿ ಇತ್ತು, ಹಡಗೂ ಇತ್ತು.

ಆ ಎಂಟನೆಯ ದಿನ ಮಧ್ಯಾಹ್ನ, ನಾನು ಬಸ್ ಸ್ಟ್ಯಾಂಡಿನಲ್ಲಿ ನನ್ನ ಹೊಸ ಅಣಕವನ್ನು ತೆಗೆದಿದ್ದೆ. ಹತ್ತು ಹದಿನೈದು ಮಂದಿ ಸೇರಿದ್ದರು. ಟವೆಲನ್ನು ಕೋಟಿನ ಹಾಗೆ ಹೊದ್ದು, ಬೀಡಿಯನ್ನು ಪೆನ್ನಿನ ಹಾಗೆ ಕಿವಿಯ ಮೇಲೆ ಒರೆಸಿ, ಮೂಗಿನಲ್ಲಿ ಸುರು ಮಾಡಿದೆ:

"ಕೊಲಂಬೊ ಶಹರದಲ್ಲಿರುವ ನನ್ನ ಸ್ವಯಾರ್ಜಿತವಾದ ಹೋಟೆಲು ಕಟ್ಟಡವು, ನನ್ನ ಕಾಲಾನಂತರ, ನನ್ನ ತಂಗಿಗೆ ಸೇರತಕ್ಕದ್ದೂ... ಕ್ಹೂಂ! ಇದಕ್ಕೆ ಸಾಕ್ಷಿಗಳು. ಒಂದು, ಅಣ್ಣ. ಎರಡು, ತಂಗಿ. ಮೂರು, ತಂಗಿಯ ಮಗನಾದ ಬಸ್ ಸ್ಟ್ಯಾಂಡಿನ ಮಂಗ..."

ನಗು ಎದ್ದಿತು. ಎದ್ದ ನಗು ಅರ್ಧಕ್ಕೇ ನಿಂತಿತು. ಹಿಂದೆ ತಿರುಗಿದರೆ ಅಜ್ಜ. ಕೊಡೆ ಬಿಡಿಸಿಕೊಂಡು ನಿಂತಿದ್ದಾರೆ.

"ಇನ್ನೊಮ್ಮೆ ಹೇಳು" ಎಂದರು.

"ತಪ್ಪಾಯಿತು ಅಜ್ಜೇರೇ."

"ತಪ್ಪು ಯಾರದ್ದು ಅಂತ ಆಮೇಲೆ ನೋಡುವ. ಇನ್ನೊಮ್ಮೆ ಹೇಳು."

ನಾನು ಮೆಲ್ಲಗೆ ನನ್ನ ಸ್ವರದಲ್ಲಿ ಹೇಳತೊಡಗಿದೆ. "ಹಾಗಲ್ಲ, ಮೂಗಿನಲ್ಲಿ ಹೇಳು. ನಾನು ಓದುವ ಹಾಗೆ" ಎಂದರು. ಜೀವಮಾನದಲ್ಲಿ ಅಷ್ಟು ಕಷ್ಟದ ಅಣಕ ನಾನು ಮಾಡಿಲ್ಲ. ಎಳೆದೆ. ಕೆಮ್ಮಿದೆ. "ಎರಡು, ತಂಗಿ" ಎನ್ನುವಲ್ಲಿ ಕೈಯೆತ್ತಿ ನಿಲ್ಲಿಸಿದರು.

"ಸಾಕ್ಷಿ ಎರಡು ಯಾರು?"

"ಅಮ್ಮ."

"ಕಟ್ಟಡ ಯಾರಿಗೆ?"

"ಅಮ್ಮನಿಗೆ."

ಅವರು ಅಷ್ಟು ಬಿಸಿಲಿನಲ್ಲಿ ಕೊಡೆ ಮಡಚಿದರು. "ನಲವತ್ತು ವರ್ಷ ನಾನು ಓದಿದ್ದನ್ನು ನಾನು ಕೇಳಿಯೇ ಇರಲಿಲ್ಲ ಮಾರಾಯ" ಎಂದರು. ಜಗಲಿಗೆ ಹೋಗಿ ಪ್ರೊಕ್ಟರರ ಕಾಗದದ ಎರಡನೆಯ ಪುಟ ತಂದು ನನ್ನೆದುರು ಹಿಡಿದರು. ಕೊನೆಯ ಸಾಲಿನ ಕೆಳಗೆ ಅವರ ಉಗುರಿನ ಗೀರು ಇತ್ತು. ಸೊತ್ತು ಸಿಗುವವರು ಸಾಕ್ಷಿ ಹಾಕಬಾರದು, ಹಾಕಿದರೆ ಅವರಿಗೆ ಬರೆದ ಸೊತ್ತು ಬಿದ್ದುಹೋಗುತ್ತದೆ. ಅಲ್ಲಿಯ ಕಾನೂನು ಅದು.

"ಇದು ನಾನು ಓದಿದ್ದೆ. ಓದಿ, ಈ ಪ್ರೊಕ್ಟರನಿಗೆ ನಮ್ಮ ಜನ ಗೊತ್ತಿಲ್ಲ, ಅವನದ್ದು ಪುಸ್ತಕದ ಮಾತು ಅಂತ ಬಿಟ್ಟೆ. ನಮ್ಮಲ್ಲಿ ಬೀಗ ಆಗುವುದು ಅಲ್ಲಿ ಕತ್ತರಿ ಆಗ್ತದೆ. ನಿನ್ನ ಅಮ್ಮನ ಕೈಯಿಂದಲೇ ನಿನ್ನ ಅಮ್ಮನ ಬಾಗಿಲು ಮುಚ್ಚಿಸಿದ್ದೇನೆ ನಾನು."

ನಾನು ಸ್ವರ ತಗ್ಗಿಸಿ ಹೇಳಿದೆ: "ಯಾರಿಗೂ ಗೊತ್ತಾಗಲಿಲ್ಲವಲ್ಲ ಅಜ್ಜೇರೇ. ಕೊಲಂಬೊಕ್ಕೆ ಒಂದು ಕಾಗದ ಹಾಕುವ. ಮಾವ ಅಲ್ಲಿಯೇ ಬೇರೆ ಬರೆಸಿಕೊಳ್ಳಲಿ. ನಿಮ್ಮ ಹೆಸರೂ ಉಳಿಯುತ್ತದೆ."

"ಅವನ ಕಾಲು ನೋಡಿದ್ದೀಯಾ ನೀನು?" ಎಂದರು. ಅಷ್ಟೇ. ಮಸಿಕುಪ್ಪಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟರು.

ಸಿದ್ದಕಟ್ಟೆಯ ಮೇಲಿಂದ ಮೂಡಬಿದ್ರೆಗೆ ಹೋಗುವ ಬಸ್ಸು. ದಾರಿಯ ಎಲ್ಲ ಹೊಂಡಗಳೂ ಆ ದಿನ ನಮಗಾಗಿಯೇ ಕಾದಿದ್ದವು. ಅಜ್ಜ ಮಸಿಕುಪ್ಪಿಯನ್ನು ಮಡಿಲಲ್ಲಿ ಹಿಡಿದು ಕೂತಿದ್ದರು. ಇಳಿಯುವಾಗ ನೋಡಿದರೆ ಬಿರಡೆ ಸಡಿಲಾಗಿ ಪಂಚೆಯ ಮೇಲೆ ಅಂಗೈಯಗಲ ನೀಲಿ. ಬೇರೆ ದಿನವಾಗಿದ್ದರೆ ನಾನು ಅದರಿಂದ ಒಂದು ವಾರದ ನಗು ತೆಗೆಯುತ್ತಿದ್ದೆ.

ಪಂಡಿತರ ಮನೆಯ ಹೊರಕೋಣೆಯಲ್ಲಿ ಮಾವ ಟ್ರಂಕಿಗೆ ಹಗ್ಗ ಬಿಗಿಸಿ ಕುಳಿತಿದ್ದರು. ಅಮ್ಮ ದಾರಿಗೆ ಅವಲಕ್ಕಿ ಕಟ್ಟುತ್ತಿದ್ದಳು. ಅಜ್ಜ ಕುಳಿತುಕೊಳ್ಳಲಿಲ್ಲ. ಚಪ್ಪಲಿ ಬಿಟ್ಟು, ಹೊಸ್ತಿಲ ಈಚೆಯೇ ನಿಂತು ಹೇಳಿದರು:

"ನಾನು ತಪ್ಪು ಬರೆದಿದ್ದೇನೆ. ಕಾಗದ ತೆಗೆ. ಬೇರೆ ಬರೆಯುತ್ತೇನೆ."

ವಿಷಯ ಕೇಳಿ ಮಾವ "ಹರಿ, ಹರಿ" ಎಂದರು. ಆ ಸಲ ಅದು ಯಾವ ಭಾಷೆಯದ್ದೆಂದು ನನಗೂ ಗೊತ್ತಾಗಲಿಲ್ಲ. ಅಮ್ಮನಿಗೆ ಮಾತ್ರ ಒಂದೇ ಸಂಗತಿ ಅರ್ಥವಾದದ್ದು.

"ನನ್ನ ರುಜು ಬೇಡವಾ ಅಣ್ಣೇರೇ? ಕೊನೆಯ ಅಕ್ಷರ ಜಾರಿದ್ದಕ್ಕಾ?"

ಅಜ್ಜನ ಗಂಟಲು ಕೆಮ್ಮಿಗೆ ಹೋಯಿತು, ಕೆಮ್ಮು ಬರಲಿಲ್ಲ. "ಅಲ್ಲ ತಂಗೀ. ನಿನ್ನ ರುಜು ನಾನು ಹಾಕಿದ್ದಕ್ಕಿಂತ ಚಂದ ಉಂಟು. ನಿನ್ನ ಹೆಸರು ಕಾಗದದ ಒಳಗೆ ಉಂಟಲ್ಲ? ಒಳಗೆ ಇದ್ದವರು ಹೊರಗೆ ನಿಂತು ಬಾಗಿಲು ಕಾಯಬಾರದಂತೆ. ಹೊರಗಿನವರೇ ಕಾಯಬೇಕಂತೆ. ಅದು ನನಗೆ ಗೊತ್ತಾಗದೆ ಹೋಯಿತು."

ಟ್ರಂಕಿನ ಮೇಲೆ ಹಾಳೆ ಹಾಸಿ ಬರೆದರು. ಮಾವನಿಗೆ ಓದಿ ಹೇಳಿದರು, ಮೂಗಿನಲ್ಲಲ್ಲ, ಮೆಲ್ಲಗೆ, ಒಂದೊಂದೇ ಶಬ್ದ. ಮಾವ ತುಳುವಿನಲ್ಲಿ ತಿರುಗಿ ಹೇಳಿದರು. ಆಮೇಲೆ ಐದು ಜನ ಬೇಕು. ನಮ್ಮವರಲ್ಲದ, ಮಾವನಿಂದ ಏನೂ ಸಿಗದ, ಒಟ್ಟಿಗೆ ನಿಲ್ಲಬಲ್ಲ ಐದು ಜನ. ಮಾವನ ಬಸ್ಸಿಗೆ ಇನ್ನು ಅರ್ಧ ಗಂಟೆಯೂ ಇಲ್ಲ.

"ನಾನೂ ಬೇಡವಾ?" ಎಂದೆ.

"ನೀನು ಬೇಡವೇ ಬೇಡ. ನೀನು ಹೋಗಿ ಜನ ಹುಡುಕು. ಸ್ಟ್ಯಾಂಡಿನ ಸೋಡದ ಅಂಗಡಿಯಲ್ಲಿ ನಾವು ಕೂತುಕೊಳ್ತೇವೆ."

ಸ್ಟ್ಯಾಂಡಿನಲ್ಲಿ ಯಾರಿಗೂ ಪುರುಸೊತ್ತಿಲ್ಲ. ಎರಡು ಜನರನ್ನು ಕೇಳಿದೆ. ಕೋರ್ಟು ಕಚೇರಿ ಎಂದ ಕೂಡಲೇ ಬೆನ್ನು ತಿರುಗಿಸಿದರು. ಮಂಗಳೂರಿನ ಬಸ್ಸಿನ ಡ್ರೈವರ್ ಸ್ಟೇರಿಂಗಿನ ಮುಂದೆ ಕುಳಿತಾಗಿತ್ತು. ನನಗೆ ಒಂದೇ ಉಪಾಯ ತೋಚಿತು. ಆ ಬಸ್ಸಿನ ಧಣಿಯೂ ನನ್ನ ಧಣಿಯೂ ಒಬ್ಬರೇ. ಅವರ ಸ್ವರ ನನ್ನ ಹತ್ತಿರ ಉಂಟು. ಬಸ್ಸಿನ ಹಿಂದುಗಡೆ ನಿಂತು, "ಏ, ಹತ್ತು ನಿಮಿಷ ನಿಲ್ಲಿಸು ಮಾರಾಯ!" ಎಂದು ಗದರಲು ಎದೆ ಉಬ್ಬಿಸಿದೆ. ಹೆಗಲ ಮೇಲೆ ಕೊಡೆಯ ಹಿಡಿ ಬಿತ್ತು.

"ಸಾಕ್ಷಿಗೆ ಕರೆಯುವಾಗಲೂ ಸುಳ್ಳು ಸ್ವರವಾ?" ಎಂದರು ಅಜ್ಜ. "ನಿನ್ನದರಲ್ಲಿ ಕೇಳು."

ನನ್ನದರಲ್ಲಿ! ಅದು ಹೇಗಿರುತ್ತದೆಂದೇ ನನಗೆ ನೆನಪಿರಲಿಲ್ಲ. ಡ್ರೈವರನ ಕಿಟಕಿಯ ಕೆಳಗೆ ನಿಂತೆ. "ಅಣ್ಣ, ನನ್ನ ಅಮ್ಮನಿಗೆ ಒಂದು ಮನೆಯ ವಿಷಯ. ಹತ್ತು ನಿಮಿಷ ಬೇಕಿತ್ತು" ಎಂದೆ. ಸ್ವರ ತೆಳ್ಳಗೆ, ಸ್ವಲ್ಪ ನಡುಗಿಕೊಂಡು ಬಂತು. ಕೇಳಲು ಏನೂ ಚಂದ ಇರಲಿಲ್ಲ. ಡ್ರೈವರ್ ನನ್ನ ಮುಖ ನೋಡಿ ಇಂಜಿನ್ ಆಫ್ ಮಾಡಿದ.

ಅವನು ಇಳಿದದ್ದನ್ನು ನೋಡಿ ಮತ್ತೆ ಉಳಿದವರು ಬಂದರು. ಸೋಡದ ಅಂಗಡಿಯ ಕೊಂಕಣಿ ಮಾಮ್, ಅಡಿಕೆ ವ್ಯಾಪಾರದ ಒಬ್ಬರು ಬ್ಯಾರಿ, ಬಸದಿಯಿಂದ ಬರುತ್ತಿದ್ದ ಪೂಜೆಯ ಇಂದ್ರರು, ಕಾರ್ಕಳದ ಬಸ್ಸು ಕಾಯುತ್ತಿದ್ದ ಒಬ್ಬ ಮೇಷ್ಟ್ರು. ಅಜ್ಜ ತಾನು ಮೊದಲು ತಪ್ಪು ಬರೆದದ್ದನ್ನು ಸ್ಟ್ಯಾಂಡಿಗೆಲ್ಲ ಕೇಳುವಂತೆ ಹೇಳಿ, ಐವರನ್ನೂ ಬೆಂಚಿನ ಎದುರು ಸಾಲಾಗಿ ನಿಲ್ಲಿಸಿದರು.

"ಇವರು ರುಜು ಹಾಕುವುದನ್ನು ಹತ್ತು ಕಣ್ಣು ನೋಡಬೇಕು. ಯಾರೂ ಆಚೆ ಈಚೆ ನೋಡಬಾರದು."

"ಒಂಬತ್ತು ಅಂತ ಬರೆದುಕೊಳ್ಳಿ ಅಜ್ಜೇರೇ, ನನ್ನದು ಒಂದು ಮಸುಕು" ಎಂದ ಡ್ರೈವರ್.

ತಾವೂ ಅದೇ ಬಸ್ಸಿಗೆ ಹತ್ತುವವರೆಂದು ನೆನಪಾಗಿ ಇಂದ್ರರು ಮೆಲ್ಲಗೆ ದೇವರ ಹೆಸರು ಹೇಳಿಕೊಂಡರು.

ಅಜ್ಜ ಒಬ್ಬೊಬ್ಬರನ್ನೂ ಕೇಳಿದರು: "ಇವರ ಸೊತ್ತಿನಲ್ಲಿ ನಿಮಗೆ ಏನಾದರೂ ಉಂಟಾ?"

"ಸೊತ್ತು ಬಿಡಿ, ಈ ಮನುಷ್ಯನನ್ನೇ ನಾನು ಇವತ್ತು ನೋಡುವುದು" ಎಂದರು ಬ್ಯಾರಿ.

"ಅದೇ ಬೇಕಾದದ್ದು ಸಾಹೇಬರೇ" ಎಂದರು ಅಜ್ಜ.

ಮಾವ ರುಜು ಹಾಕಿದರು. ಐದೂ ಜನ ಹಾಕಿದರು. ಹಳೆಯ ಕಾಗದವನ್ನು ಮಾವನ ಕೈಯಿಂದಲೇ ಹರಿದುಹಾಕಿಸಿದರು. ಚೂರುಗಳಲ್ಲಿ ಒಂದನ್ನು ಅಮ್ಮ ಬಗ್ಗಿ ಹೆಕ್ಕಿ ಸೊಂಟಕ್ಕೆ ಸಿಕ್ಕಿಸಿಕೊಂಡದ್ದನ್ನು ನಾನು ನೋಡಿದೆ. ಅವಳ ಹೆಸರಿದ್ದ ಚೂರು.

ಬಸ್ಸು ಹೊರಟ ಮೇಲೆ ನಾನು ಎಲ್ಲ ಮುಗಿಯಿತೆಂದುಕೊಂಡೆ. ಅಜ್ಜನಿಗೆ ಮುಗಿದಿರಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಬಸ್ಸಿನಲ್ಲೇ ಬೆಳ್ತಂಗಡಿಗೆ ಬಂದು, ಲಾಯಿಲದ ಮನೆಗೆ ನಡೆದು, ಹಿರಿಯ ಮಾವನ ಎದುರು ನಿಂತರು. ನಾನು ಜತೆಗಿದ್ದೆ.

"ನಿಮ್ಮ ರುಜು ಇದ್ದ ಕಾಗದ ಈಗ ಇಲ್ಲ. ಅದರಲ್ಲಿ ನನ್ನ ತಪ್ಪಿತ್ತು. ಬೇರೆ ಆಗಿದೆ. ಅದರಲ್ಲಿ ನಿಮ್ಮ ರುಜು ಇಲ್ಲ. ನಿಮಗೆ ತಿಳಿಸದೆ ಮಾಡಿದರು ಅಂತ ಆಗಬಾರದು, ಹಾಗೆ ಬಂದೆ."

ಹಿರಿಯ ಮಾವ ಎದ್ದು ನಿಂತರು. "ಹಾಗಾದರೆ ನಾನು ಒಪ್ಪಿದ್ದೂ ಇಲ್ಲ! ಇಷ್ಟು ವರ್ಷ ಬರೆದು ನಿಮಗೆ ಬಂದ ಬುದ್ಧಿ ಇದಾ? ಬಂಟ್ವಾಳಕ್ಕೆಲ್ಲ ಹೇಳ್ತೇನೆ ನೋಡಿ, ದಸ್ತಾವೇಜಿನ ಅಜ್ಜನಿಗೆ ಅಕ್ಷರ ಮರೆತುಹೋಗಿದೆ ಅಂತ."

"ಹೇಳಿ. ನಿನ್ನೆ ಮೂಡಬಿದ್ರೆಯಲ್ಲಿ ಬಸ್ಸು ಕಾಯುವವರ ಎದುರು ನಾನೇ ಹೇಳಿ ಬಂದಿದ್ದೇನೆ" ಎಂದು ಅಜ್ಜ ಕೊಡೆ ತೆಗೆದುಕೊಂಡರು.

ಹಿರಿಯ ಮಾವ ಮಾತಿಗೆ ತಪ್ಪುವವರಲ್ಲ, ಹೇಳಿದರು. ಆ ಬೇಸಗೆ ಪೂರ್ತಿ ಅಜ್ಜನ ಚಾಪೆಯ ಮೇಲೆ ಜನ ಕಡಿಮೆ. ದಾಟಿ ಹೋಗುವವರು "ತಿದ್ದುಪಡಿ ಉಂಟಾ ಅಜ್ಜೇರೇ?" ಎಂದು ಕೇಳಿ ಹೋಗುತ್ತಿದ್ದರು. "ಉಂಟು ಮಾರಾಯ, ಬೇಕಾದಷ್ಟು ಉಂಟು" ಎಂದು ಅವರು ಉತ್ತರಿಸುತ್ತಿದ್ದರು. ಅಣಕಿಸಲು ಇಷ್ಟು ಒಳ್ಳೆಯ ಸರಕು ಸಿಕ್ಕಿಯೂ ನಾನು ಮುಟ್ಟದೇ ಬಿಟ್ಟದ್ದು ಅದೊಂದೇ.

ಮಾವ ಕೊಲಂಬೊ ಮುಟ್ಟಿದ ಹನ್ನೆರಡನೆಯ ದಿನ ತಂತಿ ಬಂತು. ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಲ್ಲೇ ಹೋದರಂತೆ. ಅಲ್ಲಿ ಬೇರೆ ವೀಲುನಾಮೆ ಬರೆಸಲು ಅವರಿಗೆ ಸಮಯ ಎಲ್ಲಿತ್ತು? ಊರಿನಿಂದ ಹೋದ ಕಾಗದ ಟ್ರಂಕಿನಲ್ಲಿಯೇ ಸಿಕ್ಕಿತು. ಹಿರಿಯ ಮಾವ ಪ್ರೊಕ್ಟರರಿಗೆ ತಕರಾರು ಬರೆದರು. ಪ್ರೊಕ್ಟರರ ಉತ್ತರ ಎರಡೇ ಸಾಲು: ಸಾಕ್ಷಿ ಐದೂ ಹೊರಗಿನವರು, ಏನೂ ಸಿಗದವರು, ಕಾಗದ ಗಟ್ಟಿಯಾಗಿದೆ. ಆ ಉತ್ತರವನ್ನು ಹಿರಿಯ ಮಾವನಿಗೆ ಓದಿ ಹೇಳಿದ್ದು ಅಜ್ಜನೇ. ಇಂಗ್ಲಿಷು ಓದಿಸಲು ಅವರು ಕೊನೆಗೂ ಬಂದದ್ದು ಅದೇ ಜಗಲಿಗೆ. ಅಜ್ಜ ಈ ಸಲ ಎರಡನೆಯ ಸಾಲನ್ನು ಎರಡು ಸಲ ಓದಿದರು.

ಕೊಲಂಬೊದ ಕಟ್ಟಡ ಮಾರಿಹೋಗಲು ಮೂರು ವರ್ಷ ಹಿಡಿಯಿತು. ಅದಕ್ಕೆ ಅಮ್ಮನ ಒಪ್ಪಿಗೆಯ ಕಾಗದ ಬೇಕಾಯಿತು. ಅಜ್ಜ ಬರೆದರು, ಹಾಳೆಯನ್ನು ಅವಳ ಕಡೆಗೆ ತಿರುಗಿಸಿ, ಬೆರಳಿಟ್ಟು ಜಾಗ ತೋರಿಸಿದರು.

"ಈಗ ಹಾಕು ತಂಗೀ. ಈ ಕಾಗದಕ್ಕೆ ನಿನ್ನ ರುಜುವೇ ಬೇಕು, ಬೇರೆ ಯಾರದ್ದೂ ಆಗುವುದಿಲ್ಲ."

ಅಮ್ಮ ಸೊಂಟದಿಂದ ಆ ಹಳೆಯ ಚೂರನ್ನು ತೆಗೆದು ಪಕ್ಕದಲ್ಲಿಟ್ಟುಕೊಂಡು, ನೋಡಿ ನೋಡಿ ಬರೆದಳು. ಕೊನೆಯ ಅಕ್ಷರ ಜಾರಲಿಲ್ಲ. ಈಗ ಬಂಟ್ವಾಳದಲ್ಲಿ ಆ ಹಣದಿಂದ ಕೊಂಡ, ಎರಡು ಕೋಣೆಯ, ಹೆಂಚು ಹೊದೆಸಿದ ಒಂದು ಮನೆ ಉಂಟು. ಅದರ ಬೀಗದ ಕೈ ಅಮ್ಮನ ಸೊಂಟದಲ್ಲಿ. ನಾನು ತಡವಾಗಿ ಬಂದರೆ ಬಾಗಿಲ ಹೊರಗೆ ನಿಂತು, "ಯಾರ ಸ್ವರದಲ್ಲಿ ಕರೆದರೆ ತೆರೆಯುತ್ತೀ?" ಎಂದು ಕೇಳುತ್ತೇನೆ. ಅವಳು ಎಲ್ಲರ ಸ್ವರವನ್ನೂ ಕೇಳಿ ನಗುತ್ತಾಳೆ. ಬಾಗಿಲು ತೆರೆಯುವುದು ನನ್ನದಕ್ಕೆ ಮಾತ್ರ.

ಅಜ್ಜ ಹೋದದ್ದು ಹೋದ ಮಳೆಗಾಲದ ಕೊನೆಗೆ. ಮೂರು ದಿನದ ಜ್ವರ. ಸ್ನಾನ ಮಾಡಿಸಿ ಮಲಗಿಸಿದ್ದರೂ ಬಲಗಿವಿಯ ಮೇಲಿನ ನೀಲಿ ಹಾಗೆಯೇ ಇತ್ತು. ಅಮ್ಮ ಅದನ್ನು ನೋಡಿಯೇ ಅತ್ತದ್ದು.

ಹದಿಮೂರನೆಯ ದಿನ ಊಟವಾಗಿ ಜನ ಚೆದುರಿದ ಮೇಲೆ ಅಜ್ಜಿ ನನ್ನನ್ನು ಒಳಗೆ ಕರೆದರು. ಕೈಯಲ್ಲಿ ಅಜ್ಜನ ಬರವಣಿಗೆಯ ಒಂದು ಹಾಳೆ, ಯಾರದೋ ಹಳೆಯ ಕ್ರಯಚೀಟಿನ ಕರಡು.

"ಒಮ್ಮೆ ಓದು ಮಗಾ" ಎಂದರು. "ಅವರ ಹಾಗೆ."

"ಇವತ್ತು ಬೇಡ ಅಜ್ಜಿ."

"ಊರಿಗೆಲ್ಲ ಓದಿದ್ದೀ. ನನಗೊಬ್ಬಳಿಗೆ ಓದಲಿಲ್ಲ."

ನಾನು ಕುಳಿತೆ. ಮೂಗಿನಿಂದ ಹಿಡಿದೆ. ಚತುಸ್ಸೀಮೆ ಹೇಳಿದೆ, ಮಾವು ಹಲಸು ಬಾವಿ ದಾರಿ ಹೇಳಿದೆ, ಕೊನೆಗೆ "ಸೇರತಕ್ಕದ್ದೂ..." ಎಂದು ಎಷ್ಟು ಉದ್ದಕ್ಕೆ ಸಾಧ್ಯವೋ ಅಷ್ಟು ಉದ್ದಕ್ಕೆ ಎಳೆದೆ. ಮುಂದಕ್ಕೆ ನನ್ನಿಂದಾಗಲಿಲ್ಲ.

ಅಜ್ಜಿ ಕಣ್ಣು ಮುಚ್ಚಿ ಕೇಳುತ್ತಿದ್ದವರು ಕಣ್ಣು ತೆರೆಯಲಿಲ್ಲ.

"ಕೆಮ್ಮು ಬಾಕಿ ಉಂಟು" ಎಂದರು.